ಅಂಗನವಾಡಿ ಕಾರ್ಯಕರ್ತೆಯರ ಬರವಣಿಗೆಯ ಹೊರೆ ಇಳಿಸುವುದು ಹೇಗೆ?

ಒಂದೇ ವಿಷಯವನ್ನು ಅವರಿಂದ ಎಷ್ಟು ಸಲ ಬರೆಸುತ್ತಿದ್ದೇವೆ ಅಂತ ಮೊದಲು ಎಣಿಸಬೇಕು.

ಮಕ್ಕಳ ತೂಕ ನೋಡುವ ದಿನವನ್ನೇ ತಗೊಳ್ಳಿ. ಮಗು ಅಳುತ್ತಿದೆ, ತಾಯಿಗೆ ಕೂಲಿಗೆ ಹೋಗುವ ಅವಸರ. ತಕ್ಕಡಿ 9.4 ಕೆ.ಜಿ. ತೋರಿಸುತ್ತದೆ. ಆ ಒಂದು ಅಂಕಿ ರಿಜಿಸ್ಟರಿಗೆ ಹೋಗಬೇಕು, ತಾಯಿ ಕಾರ್ಡಿಗೆ ಹೋಗಬೇಕು, 2021ರಲ್ಲಿ ಬಂದ, ಅಂಗನವಾಡಿಯ ಲೆಕ್ಕ ತುಂಬುವ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪಿಗೂ ಹೋಗಬೇಕು. ಸಂಜೆ ಮೇಲ್ವಿಚಾರಕಿ ಕೇಳಿದರೆ ವಾಟ್ಸಾಪಿಗೂ. ನೆಟ್‌ವರ್ಕ್ ಸರಿಯಾಗಿ ಸಿಗದ ಊರಾದರೆ ಆ್ಯಪಿನ ಕೆಲಸ ರಾತ್ರಿ ಮನೆಗೇ ಬರುತ್ತದೆ. ಇದು ತುಂಬಾ ಅನ್ಯಾಯ.

ಒಂದು ವಾರ, ಯಾವ ಅಂಕಿಯನ್ನು ಎಲ್ಲೆಲ್ಲಿ ಬರೆದೆವು ಅಂತ ಕಾರ್ಯಕರ್ತೆಯರೇ ಗುರುತು ಹಾಕಿಕೊಳ್ಳಲಿ. ಆಮೇಲೆ ವೃತ್ತದ ಸಭೆಯಲ್ಲಿ, ಅಂದರೆ ಒಬ್ಬ ಮೇಲ್ವಿಚಾರಕಿಯ ಕೆಳಗಿನ ಅಂಗನವಾಡಿಗಳ ಸಭೆಯಲ್ಲಿ, ಒಂದೊಂದನ್ನೂ ಕೇಳಿ: ಇದನ್ನು ಓದುವವರು ಯಾರು? ತಾಯಿ ಕಾರ್ಡ್ ಬೇಕೇ ಬೇಕು, ಅದು ತಾಯಿಯ ಕೈಯಲ್ಲಿರುತ್ತದೆ. ಆ್ಯಪಲ್ಲಿ ಇರುವುದನ್ನೇ ವಾಟ್ಸಾಪಲ್ಲಿ ಮತ್ತೆ ಕೇಳುವುದನ್ನು ನಾಳೆಯಿಂದಲೇ ನಿಲ್ಲಿಸಬಹುದು.

ರಿಜಿಸ್ಟರ್ ಕೈಬಿಡುವುದಾದರೆ ಮಾತ್ರ ಇಲಾಖೆಯಿಂದ ಲಿಖಿತ ಸೂಚನೆ ಕೊಡಿಸಿ. ಸುಮ್ನೆ ಬಾಯಿಮಾತಲ್ಲಿ ಹೇಳಿ ಬಿಟ್ಟರೆ, ತಪಾಸಣೆಗೆ ಬಂದವರ ಹತ್ತಿರ ಬೈಸಿಕೊಳ್ಳುವುದು ಕಾರ್ಯಕರ್ತೆಯೇ ಅಲ್ವಾ?