ಪ್ರೊ ರಾಟಾ ಅಂದರೆ ಕೈಗೆ ಎಷ್ಟು?

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ತಿಂಗಳಾಯ್ತು, ಒಂದು ಆಫೀಸ್ ಕೆಲಸದ ಜಾಹೀರಾತಿನಲ್ಲಿ ‘32,000 ಪೌಂಡ್ ಪ್ರೊ ರಾಟಾ, 0.6 ಎಫ್‌ಟಿಇ’ ಅಂತಿದೆ, ಹಾಗಂದರೇನು ಅಂತ ಕೇಳಿದ್ದೀರಿ. ಜೊತೆಗೆ ಬಾಡಿಗೆ, ಚಳಿ, ರಾಗಿ ಹಿಟ್ಟು. ಹಿಟ್ಟನ್ನು ಬೆಲ್‌ಗ್ರೇವ್ ರೋಡಿನಲ್ಲಿ ಹುಡುಕಿ. ಬಾಡಿಗೆ ಜಾಸ್ತಿನೇ. ಚಳಿ ಅಭ್ಯಾಸವಾಗುತ್ತದೆ. ಪ್ರೊ ರಾಟಾ ಬಗ್ಗೆ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ, ಪೆಟ್ಟು ತಿಂದವನು ನಾನು.

ಅದು ಲ್ಯಾಟಿನ್ ಮಾತು. ದುಡಿದಷ್ಟಕ್ಕೆ ತಕ್ಕ ಪಾಲು ಅಂತ ಇಟ್ಟುಕೊಳ್ಳಿ. ಅರ್ಧ ದಿನ ಕಳೆ ಕಿತ್ತರೆ ಅರ್ಧ ಕೂಲಿ, ಅಲ್ವಾ? ಅದೇ. ಆದರೆ ನಮ್ಮಲ್ಲಿ ಕೈಗೆ ಬರುವ ಕೂಲಿಯನ್ನೇ ಹೇಳುತ್ತಾರೆ. ಇಲ್ಲಿ ವಾರವಿಡೀ ದುಡಿದರೆ ಸಿಗುವ ಮೊತ್ತವನ್ನು ದಪ್ಪಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಸಣ್ಣದಾಗಿ ಪ್ರೊ ರಾಟಾ ಅಂತ ಬರೆಯುತ್ತಾರೆ. ಎಫ್‌ಟಿಇ ಅಂದರೆ ಫುಲ್ ಟೈಮ್ ಈಕ್ವಿವಲೆಂಟ್, ಪೂರ್ತಿ ಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ. 0.6 ಅಂದರೆ ಐದು ದಿನದಲ್ಲಿ ಮೂರು ದಿನ. ನಿಮ್ಮ 32,000 ಆಗುವುದು 19,200, ಅದೂ ತೆರಿಗೆಗೆ ಮುಂಚೆ. ರಜೆಗೂ ಇದೇ ಲೆಕ್ಕ. ಐದು ದಿನದವರಿಗೆ ಕಾನೂನು ಪ್ರಕಾರ ಕನಿಷ್ಠ 28 ದಿನ, ಮೂರು ದಿನದವರಿಗೆ 16.8. ಆ ಪಾಯಿಂಟ್ ಎಂಟನ್ನೂ ಬಿಡುವುದಿಲ್ಲ, ಪುಣ್ಯಾತ್ಮರು! ಫುಲ್ ಟೈಮ್ ಅಂದರೆ ವಾರಕ್ಕೆ ಎಷ್ಟು ಗಂಟೆ ಅಂತಲೂ ಕೇಳಿ. ಒಂದು ಕಡೆ 35, ಇನ್ನೊಂದು ಕಡೆ 37.5, ಕೆಲವು ಕಡೆ 40.

ನಾನು 2009ರಲ್ಲಿ ಬಂದೆ. ಮೊದಲ ಕೆಲಸ ‘24,000 ಪ್ರೊ ರಾಟಾ’, ವಾರಕ್ಕೆ ಮೂರು ದಿನ. ಆ ಎರಡು ಪದ ಏನೋ ಆಫೀಸ್ ಭಾಷೆ ಅಂದುಕೊಂಡು ಸಹಿ ಹಾಕಿ, ಸಂಜೆಯೇ ಅರಸೀಕೆರೆಗೆ ಫೋನ್ ಮಾಡಿದೆ. ಅಪ್ಪ ಅಲ್ಲೇ ಗುಣಿಸಿ, ವರ್ಷಕ್ಕೆ ಹದಿನೆಂಟು ಲಕ್ಷ ಅಂದರು. ಮಾರನೆಯ ದಿನ ಹಾಲಿನ ಡೈರಿ ಮುಂದೆ ಅದೇ ಸುದ್ದಿ. ತಿಂಗಳ ಕೊನೆಗೆ ಪೇಸ್ಲಿಪ್ ಬಂತು. 2,000 ಇರಬೇಕಾದ ಜಾಗದಲ್ಲಿ 1,200. ಅದರಲ್ಲೂ ಕಡಿತ. ತಪ್ಪಾಗಿದೆ ಅಂತ ಪೇರೋಲ್ ಹೆಂಗಸಿನ ಹತ್ತಿರ ಹೋದೆ. ಆಕೆ ಪಾಪ, ಏನೂ ಹೇಳದೆ ಆಫರ್ ಲೆಟರ್‌ನ ಆ ಎರಡು ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಕೊಟ್ಟಳು.

ಅಷ್ಟರಲ್ಲಿ ಅಪ್ಪ ಮಹಡಿ ಕಟ್ಟಲು ಸಾಲಕ್ಕೆ ಕೈ ಹಾಕಿದ್ದರು. ನಾನು ಬಾಯಿ ಬಿಡಲಿಲ್ಲ. ಎರಡು ವರ್ಷ ರಾತ್ರಿ ಗೋಡೌನ್‌ನಲ್ಲಿ ಡಬ್ಬ ಎತ್ತಿ ಕಂತು ಕಳಿಸಿದೆ. ಪ್ರತಿ ತಿಂಗಳೂ ಅಪ್ಪ ಕೇಳುತ್ತಿದ್ದರು, ‘ಪೂರ್ತಿ ಬಂತೇನೋ?’ ‘ಬಂತಪ್ಪ’ ಅನ್ನುತ್ತಿದ್ದೆ. ಈಗ ನಿಜ ಹೇಳೋಣ ಅಂದರೆ ಅಪ್ಪ ಇಲ್ಲ.

ಕೆಲಸ ಸಿಕ್ಕರೆ ತಗೊಳ್ಳಿ, ಮೂರು ದಿನದ್ದಾದರೂ ಪರವಾಗಿಲ್ಲ. ಊರಿಗೆ ಫೋನ್ ಮಾಡಿದಾಗ 19,200 ಅಂತಲೇ ಹೇಳಿ.