ಸ್ವಿಫ್ಟ್‌ಗೆ ಸಬ್‌ವೂಫರ್ ಹಾಕಿಸುವ ಮೊದಲು ಆ ಕೆಂಪು ವೈರ್ ಬಗ್ಗೆ ಸ್ವಲ್ಪ ಕೇಳಿ

ನೀವು ಕೇಳಿದ್ದು ಇಷ್ಟು: ಕಾರು 2022ರ ಸ್ವಿಫ್ಟ್, ಸ್ಟೀರಿಯೊ ಕಂಪನಿಯದ್ದೇ, ಬೇಸ್, ಅಂದರೆ ತಗ್ಗಿನ ದನಿ, ಸಾಲುತ್ತಿಲ್ಲ. ಅಂಗಡಿಯವರು '1200 ವ್ಯಾಟ್' ಅಂತ ಬರೆದಿರುವ 12 ಇಂಚಿನ ಸಬ್‌ವೂಫರ್ ಬಾಕ್ಸ್ (ತಗ್ಗಿನ ದನಿಗೆ ಅಂತಲೇ ಇರುವ ದೊಡ್ಡ ಸ್ಪೀಕರ್) ತೋರಿಸಿ, ಸ್ಟೀರಿಯೊನೂ ಬದಲಾಯಿಸಿ ಅಂದಿದ್ದಾರೆ. ಸೀಟಿನ ಕೆಳಗೆ ಕೂರುವ ಚಿಕ್ಕ ವೂಫರ್ ಸಾಕಾ, ಬ್ಯಾಟರಿ ಇಳಿದುಹೋಗುತ್ತಾ, ವಾರಂಟಿ ಕಥೆ ಏನು ಅನ್ನೋದು ನಿಮ್ಮ ಪ್ರಶ್ನೆ.

ಮೂರಕ್ಕೂ ಹೇಳುತ್ತೇನೆ. ಆದರೆ ನೀವು ಕೇಳದೇ ಇರುವ ಒಂದು ವಿಷಯ ಇದೆ. ಬಾನೆಟ್ ಒಳಗಿನ ಬ್ಯಾಟರಿಯಿಂದ ಆಂಪ್‌ವರೆಗೆ (ವೂಫರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಹೋಗುವ ದಪ್ಪ ಕೆಂಪು ವೈರ್. ಅದನ್ನು ಮೊದಲು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

2014ರಲ್ಲಿ ನನ್ನ ಹಳೆ ಕಾರಿಗೆ ಒಂದು ಅಂಗಡಿಯಲ್ಲಿ ವೂಫರ್ ಹಾಕಿಸಿದ್ದೆ. ಎರಡು ಗಂಟೆಯಲ್ಲಿ ಕೆಲಸ ಮುಗಿಸಿಕೊಟ್ಟರು. ಕೇಳೋಕೆ ಚೆನ್ನಾಗಿಯೇ ಇತ್ತು. ಏಳೆಂಟು ತಿಂಗಳಾದ ಮೇಲೆ ಒಂದು ದಿನ ಮಳೆಯಲ್ಲಿ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಅಕ್ಕನ ಮಗಳು. "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ, ನಿಲ್ಸು" ಅಂದರು ಅಮ್ಮ. ನಾನು ಮುಂದಿನ ಲಾರಿಯ ಕ್ಲಚ್ ವಾಸನೆ ಇರಬೇಕು ಅಂದುಕೊಂಡಿದ್ದೆ. ಅವರು ಬಿಡಲಿಲ್ಲ, ನಿಲ್ಲಿಸಿದೆ.

ಬಾನೆಟ್ ಎತ್ತಿದಾಗ ಕಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎಂಜಿನ್ ಕಡೆಯಿಂದ ಕಾರಿನ ಒಳಗೆ ವೈರ್ ಹೋಗುವ ಕಡೆ ತಗಡಿಗೆ ಒಂದು ತೂತು ಕೊರೆದಿದ್ದರು. ಆ ತೂತಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ಎಂಜಿನ್ ನಡುಗಿದ ಹಾಗೆಲ್ಲ ವೈರ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ, ಕೆಂಪು ಪ್ಲಾಸ್ಟಿಕ್ ಕಿತ್ತುಹೋಗಿತ್ತು. ಸುತ್ತ ಕರಗಿ ಕಪ್ಪಾಗಿತ್ತು. ಒಳಗಿನ ಎಳೆಗಳು ಕಾಣುತ್ತಿದ್ದವು. ಮೇಲೆ ತಾಮ್ರದ ಬಣ್ಣ, ತುಂಡಾದ ಕಡೆ ಬೆಳ್ಳಗೆ. ಅಂದರೆ ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಅಗ್ಗದ ವೈರ್. ಬ್ಯಾಟರಿ ಹತ್ತಿರ ಫ್ಯೂಸ್ ಹುಡುಕಿದೆ. ಇರಲೇ ಇಲ್ಲ. ಫ್ಯೂಸ್ ಇದ್ದದ್ದು ಡಿಕ್ಕಿಯಲ್ಲಿ, ಆಂಪ್ ಮೈಮೇಲೆ.

ಆ ಫ್ಯೂಸ್ ಆಂಪ್ ಕಾಯುತ್ತದೆ, ವೈರ್ ಕಾಯುವುದಿಲ್ಲ. ಬ್ಯಾಟರಿಯಿಂದ ಹೊರಟ ವೈರ್ ದಾರಿಯಲ್ಲಿ ಎಲ್ಲಾದರೂ ಕಾರಿನ ತಗಡಿಗೆ ತಗುಲಿದರೆ ಬ್ಯಾಟರಿಯ ಶಕ್ತಿಯೆಲ್ಲ ಅಲ್ಲೇ ಸುರಿಯುತ್ತದೆ. ಕಾರ್ ಬ್ಯಾಟರಿ ಅಂಥ ಹೊತ್ತಲ್ಲಿ ನೂರಾರು ಆಂಪಿಯರ್ ಕೊಡಬಲ್ಲದು. ಕಾರ್ಪೆಟ್ ಕೆಳಗೆ ಐದು ಮೀಟರ್ ಉದ್ದದ ವೈರ್ ಕೆಂಪಗೆ ಕಾಯ್ದರೆ ಏನಾಗಬಹುದು, ನೀವೇ ಯೋಚಿಸಿ. ಅವತ್ತು ನಾನು ಟೂಲ್ ಚೀಲದಿಂದ 10ರ ಸ್ಪ್ಯಾನರ್ ತೆಗೆದು ಬ್ಯಾಟರಿಯ ಮೈನಸ್ ಬಿಚ್ಚಿದೆ. ಆಮೇಲೆ ಪ್ಲಸ್ ಕಡೆಯಿಂದ ಆ ವೈರ್ ಕಿತ್ತು, ತುದಿಗೆ ಟೇಪ್ ಸುತ್ತಿ, ಮೈನಸ್ ಮತ್ತೆ ಹಾಕಿ ಊರಿಗೆ ಬಂದೆ. ಮುಂದಿನ ವಾರ ಪೂರ್ತಿ ವೈರಿಂಗ್ ನಾನೇ ಹೊಸದಾಗಿ ಎಳೆದೆ. ಅಲ್ಲಿಂದ ಇವತ್ತಿನವರೆಗೆ ಮನೆಯವರ, ಸ್ನೇಹಿತರ ಕಾರುಗಳಿಗೆ ನಾನೇ ಹಾಕಿಕೊಡುತ್ತೇನೆ. ಪ್ರತಿ ಸಲ ಶುರು ಮಾಡೋದು ಆ ಫ್ಯೂಸಿಂದಲೇ.

ಹಾಗಾಗಿ ಕೆಲಸ ಯಾರೇ ಮಾಡಲಿ, ನೀವು ಪಕ್ಕದಲ್ಲೇ ನಿಂತಿರಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣಿನ ಒಳಗೆ ಫ್ಯೂಸ್ ಹೋಲ್ಡರ್ ಇರಬೇಕು. ಇಂಚಿನ ಲೆಕ್ಕದಲ್ಲಿ 18 ಇಂಚು ಮೀರಬಾರದು. ಹೊಸ ತೂತು ಕೊರೆಯೋಕೆ ಬಿಡಬೇಡಿ. ಕಂಪನಿಯ ವೈರ್‌ಗಳು ಒಳಗೆ ಹೋಗುವ ದೊಡ್ಡ ರಬ್ಬರ್ ಬುಷ್ ಇರುತ್ತದೆ, ಅದರಲ್ಲೇ ತೂರಿಸಬಹುದು. ಶುದ್ಧ ತಾಮ್ರದ ವೈರ್ ಕೇಳಿ. ಅನುಮಾನ ಬಂದರೆ ತುದಿಯ ಎಳೆಗಳನ್ನು ಬ್ಲೇಡಿನಿಂದ ಕೆರೆದು ನೋಡಿ. ಬೆಳ್ಳಗಾದರೆ ಅಲ್ಯೂಮಿನಿಯಂ. 250-300 ವ್ಯಾಟ್ ಆರ್‌ಎಂಎಸ್ (ಅಂದರೆ ಬಿಡದೆ ಕೊಡುತ್ತಲೇ ಇರಬಲ್ಲ ಶಕ್ತಿ) ಆಂಪ್‌ಗೆ 8 ಗೇಜ್ ದಪ್ಪದ ತಾಮ್ರದ ವೈರ್ ಸಾಕು.

ಈಗ ಆ '1200 ವ್ಯಾಟ್' ವಿಷಯ. ಬಾಕ್ಸ್ ಮೇಲೆ ಬರೆದಿರೋದು ಕ್ಷಣಮಾತ್ರದ ಗರಿಷ್ಠ ಲೆಕ್ಕ, ಅದನ್ನು ಬಿಟ್ಟುಬಿಡಿ. ಆರ್‌ಎಂಎಸ್ ಎಷ್ಟು ಅಂತ ಕೇಳಿ. ಹೇಳದಿದ್ದರೆ ಆಂಪ್‌ನಲ್ಲಿರುವ ಫ್ಯೂಸ್ ಮೇಲಿನ ಸಂಖ್ಯೆ ನೋಡಿ. 20 ಆಂಪಿಯರ್ ಫ್ಯೂಸ್ ಇದೆ ಅಂದುಕೊಳ್ಳಿ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 13.8. ಎರಡನ್ನೂ ಗುಣಿಸಿದರೆ 276 ವ್ಯಾಟ್. ಆಂಪ್ ಒಳಗೆ ಹೋಗುವುದೇ ಅಷ್ಟು. ಕಡಿಮೆ ಬಿಸಿಯಾಗುವ 'ಕ್ಲಾಸ್-ಡಿ' ಬಗೆಯ ಒಳ್ಳೆ ಆಂಪ್ ಆದರೆ ಅದರಲ್ಲಿ ಶೇಕಡಾ 80ರಷ್ಟು, ಅಂದರೆ 220 ವ್ಯಾಟ್ ಹೊರಗೆ ಬರಬಹುದು. ಬಾಕಿಯದ್ದು ಬಿಸಿಯಾಗಿ ಹೋಗುತ್ತದೆ. 1200 ಎಲ್ಲಿಂದ ಬರಬೇಕು? ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಈ ಗುಣಾಕಾರ ಒಂದು ಗೊತ್ತಿದ್ದರೆ ಯಾರೂ ನಿಮ್ಮನ್ನು ಏಮಾರಿಸೋಕೆ ಆಗುವುದಿಲ್ಲ.

ಮತ್ತೆ, 220 ವ್ಯಾಟ್ ಕಾರಿನ ಒಳಗೆ ಕಡಿಮೆ ಏನಲ್ಲ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ತಗ್ಗಿನ ಶಬ್ದದ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ನಿಮ್ಮ ಕಾರಿನ ಒಳಗಿನ ಉದ್ದ ಎರಡು-ಎರಡೂವರೆ ಮೀಟರ್. ಅಷ್ಟು ದೊಡ್ಡ ಅಲೆಗೆ ಒಳಗೆ ಓಡಾಡೋಕೆ ಜಾಗವೇ ಇಲ್ಲ. ವೂಫರ್ ಸೈಕಲ್ ಪಂಪಿನ ಹಾಗೆ ಇಡೀ ಕಾರಿನ ಗಾಳಿಯನ್ನು ಒತ್ತುತ್ತದೆ, ಬಿಡುತ್ತದೆ. ಹಾಗಾಗಿ ಶಬ್ದ ಎಷ್ಟು ತಗ್ಗಿನದ್ದೋ ಅಷ್ಟು ಜಾಸ್ತಿ ಬೆಂಬಲ ಕಾರಿನಿಂದಲೇ ಪುಕ್ಕಟೆ ಸಿಗುತ್ತದೆ. ಮನೆಯ ಹಾಲ್‌ನಲ್ಲಿ ಇದೇ ವೂಫರ್ ಇಟ್ಟರೆ ಅರ್ಧದಷ್ಟೂ ಕೇಳಿಸುವುದಿಲ್ಲ.

ಇದೇ ಕಾರಣಕ್ಕೆ ನನಗೆ ಸುತ್ತ ಮುಚ್ಚಿದ ಬಾಕ್ಸೇ ಇಷ್ಟ. ತೂತಿರುವ ಬಾಕ್ಸ್, ಅಂದರೆ ಪೋರ್ಟೆಡ್, ಒಂದು ಮಟ್ಟದಲ್ಲಿ ಜೋರಾಗಿ ಗುಮ್ಮುತ್ತದೆ, ಅದರ ಕೆಳಗೆ ಸಟ್ಟನೆ ಬಿದ್ದುಹೋಗುತ್ತದೆ. ಮುಚ್ಚಿದ ಬಾಕ್ಸ್ ಮೆಲ್ಲಗೆ ಇಳಿಯುತ್ತದೆ. ಆ ಇಳಿಕೆಯನ್ನು ಕಾರೇ ತುಂಬಿಕೊಡುತ್ತದೆ. ಡೊಳ್ಳಿನ ರೆಕಾರ್ಡಿಂಗ್ ಹಾಕಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮುಚ್ಚಿದ ಬಾಕ್ಸಿನಲ್ಲಿ ಕೋಲು ಬಿದ್ದ ಏಟು, ಆಮೇಲೆ ಚರ್ಮದ ಗುಂಗು, ಎರಡೂ ಬೇರೆಬೇರೆ ಕೇಳುತ್ತವೆ. ಇನ್ನೊಂದರಲ್ಲಿ ಎಲ್ಲ ಏಟೂ ಒಂದೇ ಗುಂಯ್. ಇಳಯರಾಜ ಅವರ ಹಾಡುಗಳ ಬೇಸ್ ಗಿಟಾರ್ ಕೇಳುವವರಾದರೆ ಇದು ಇನ್ನೂ ಮುಖ್ಯ. ಆ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್‌ಗೆ ಇಳಿಯುತ್ತದೆ. ಬಾಗಿಲಿನ ಆರೂವರೆ ಇಂಚಿನ ಸ್ಪೀಕರ್‌ಗೆ 80ರ ಕೆಳಗೆ ಉಸಿರೇ ಇರುವುದಿಲ್ಲ. ಒಳ್ಳೆ ವೂಫರ್ ಬಂದ ದಿನ, ಹತ್ತಾರು ವರ್ಷದಿಂದ ಕೇಳುತ್ತಿದ್ದ ಹಾಡಿನಲ್ಲಿ ಹೀಗೊಂದು ರಾಗ ಕೆಳಗೆ ಓಡುತ್ತಿತ್ತು ಅಂತ ಮೊದಲ ಸಲ ಗೊತ್ತಾಗುತ್ತದೆ. ಇಷ್ಟೆಲ್ಲ ಒದ್ದಾಟ ಅದಕ್ಕೇ ಅಲ್ವಾ?

ಸೀಟಿನ ಕೆಳಗಿನದ್ದು ಸಾಕಾ ಅಂದಿರಿ. ಮನೆಮಂದಿ ಓಡಾಡುವ ಕಾರಾದರೆ ಸಾಕು. ನಿಮ್ಮ ಸ್ವಿಫ್ಟ್‌ನ ಡಿಕ್ಕಿ 268 ಲೀಟರ್. 12 ಇಂಚಿನ ಬಾಕ್ಸ್ ಅದರಲ್ಲಿ 50-60 ಲೀಟರ್ ತಿನ್ನುತ್ತದೆ. ಸ್ಟೆಪ್ನಿ ಇರೋದು ಅದೇ ಡಿಕ್ಕಿಯ ತಳದಲ್ಲಿ. ರಾತ್ರಿ ಹೈವೇಯಲ್ಲಿ ಪಂಕ್ಚರ್ ಆದರೆ ಮೊದಲು ಬಾಕ್ಸ್ ಇಳಿಸಬೇಕು. ಹಬ್ಬಕ್ಕೆ ಊರಿಗೆ ಹೋಗುವಾಗ ಸಾಮಾನು ಎಲ್ಲಿ ಇಡುತ್ತೀರಿ? 8 ಇಂಚಿನ, ಆಂಪ್ ಒಳಗೇ ಇರುವ ವೂಫರ್ ಸೀಟಿನ ಕೆಳಗೆ ಹಾಕಿದರೆ ಇದ್ಯಾವ ತಾಪತ್ರಯವೂ ಇಲ್ಲ. ಎದೆ ನಡುಗುವ ಬೇಸ್ ಅದರಿಂದ ಬರುವುದಿಲ್ಲ, ಹಾಡು ತುಂಬಿಕೊಳ್ಳುತ್ತದೆ. ಇನ್ನೂ ಬೇಕು ಅನ್ನಿಸಿದರೆ 10 ಇಂಚಿನ ಮುಚ್ಚಿದ ಬಾಕ್ಸ್, ಅದಕ್ಕೆ ಬೇರೆಯಾಗಿ ಮೊನೊ (ಒಂದೇ ಚಾನಲ್‌ನ) ಆಂಪ್. ಆಗ ಬಾಕ್ಸಿಗೆ ಬೆಲ್ಟ್ ಹಾಕಿ ಬಿಗಿಯಲೇಬೇಕು. ಹದಿನೈದು ಕೆಜಿ ತೂಕದ ಪೆಟ್ಟಿಗೆ ಗಟ್ಟಿ ಬ್ರೇಕ್ ಹೊಡೆದಾಗ ಸುಮ್ನೆ ಕೂತಿರುವುದಿಲ್ಲ.

ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ, ಎತ್ತರ ಇಳಿಸಿ, ಕೆಳಗಿನ ಜಾಗ ಅಳೆಯಿರಿ. ಅಲ್ಲಿ ಹಳದಿ ವೈರ್, ಹಳದಿ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು. ಕೂರಿಸೋಕೆ ನೆಲಕ್ಕೆ ಸ್ಕ್ರೂ ಹೊಡೆಯೋಣ ಅಂದರೆ ಖಂಡಿತ ಬೇಡ ಅನ್ನಿ. ಇಂಥ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ, ಪೈಪುಗಳು ನೆಲದಡಿಯೇ ಹೋಗುತ್ತವೆ.

ಸ್ಟೀರಿಯೊ ಬದಲಾಯಿಸುವುದು ಬೇಡ. ಈಗಿನ ಆಂಪ್‌ಗಳಲ್ಲಿ 'ಹೈ ಲೆವೆಲ್ ಇನ್‌ಪುಟ್' ಇರುತ್ತದೆ. ಹಿಂದಿನ ಸ್ಪೀಕರಿನ ವೈರ್‌ನಿಂದಲೇ ಅದಕ್ಕೆ ಸಿಗ್ನಲ್ ಕೊಡಬಹುದು. ತುಂಬಾ ಆಂಪ್‌ಗಳು ಆ ಸಿಗ್ನಲ್ ನೋಡಿಕೊಂಡೇ ಆನ್ ಆಗುತ್ತವೆ, ಆಫ್ ಆಗುತ್ತವೆ. ಕಂಪನಿ ವೈರ್ ಕತ್ತರಿಸದೆ ಕಪ್ಲರ್‌ನಿಂದ ಜೋಡಿಸುವ ಸೆಟ್ ಸಿಗುತ್ತದೆ, ಅದನ್ನೇ ಕೇಳಿ. ವಾರಂಟಿಗೂ ಇದೇ ಉತ್ತರ. ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ದೋಷಕ್ಕೆ ಸರ್ವಿಸ್ ಸೆಂಟರಿನವರು ವಾರಂಟಿ ತಿರಸ್ಕರಿಸಬಹುದು. ವಾರಂಟಿ ಇನ್ನೂ ಉಳಿದಿದ್ದರೆ ಅಲ್ಲಿ ಮೊದಲೇ ಒಂದು ಮಾತು ಕೇಳಿಬಿಡಿ. ಇನ್ಶೂರೆನ್ಸ್‌ಗೂ ತಿಳಿಸಿ. ಹೊರಗೆ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಬೇಕು.

ಅರ್ಥಿಂಗ್, ಅಂದರೆ ಆಂಪ್‌ನ ಮೈನಸ್ ವೈರನ್ನು ಕಾರಿನ ತಗಡಿಗೆ ಜೋಡಿಸೋದನ್ನು ಎಲ್ಲರೂ ಹಗುರ ಮಾಡುತ್ತಾರೆ. ಆಂಪ್‌ನ ಕಪ್ಪು ವೈರ್ ಅರ್ಧ ಮೀಟರ್ ಮೀರಬಾರದು, ಕೆಂಪು ವೈರ್‌ನಷ್ಟೇ ದಪ್ಪ ಇರಬೇಕು. ಅದು ಕೂರುವ ಕಡೆ ಬಣ್ಣ ಪೂರ್ತಿ ಉಜ್ಜಿ ತೆಗೆಯಬೇಕು. ನಾನು ಉಪ್ಪುಕಾಗದ ಹಿಡಿದು ಒಂದು ರೂಪಾಯಿ ನಾಣ್ಯದಷ್ಟು ಜಾಗ ಕನ್ನಡಿ ಹಾಗೆ ಹೊಳೆಯುವವರೆಗೆ ಉಜ್ಜುತ್ತೇನೆ. ವೈರ್ ತುದಿಯ ಲೋಹದ ಉಂಗುರ (ಲಗ್) ಕೂರಿಸಿ, ಬೋಲ್ಟ್ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಸ್ವಲ್ಪ ಗ್ರೀಸ್ ಸವರುತ್ತೇನೆ. ಸೀಟ್ ಬೆಲ್ಟಿನ ಬೋಲ್ಟಿಗೆ ಮಾತ್ರ ಕೈ ಹಾಕಬೇಡಿ. ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅಂತ ಏರುತ್ತಾ ಬಂದರೆ, ಹತ್ತರಲ್ಲಿ ಒಂಬತ್ತು ಸಲ ಅರ್ಥಿಂಗ್ ಸರಿಯಿಲ್ಲ. ಇಲ್ಲದಿದ್ದರೆ ಪವರ್ ವೈರ್, ಸಿಗ್ನಲ್ ವೈರ್ ಒಟ್ಟಿಗೆ ಎಳೆದಿದ್ದಾರೆ. ಪವರ್ ಎಡಗಡೆಯಿಂದ ಬಂದರೆ ಸಿಗ್ನಲ್ ಬಲಗಡೆಯಿಂದ ಬರಲಿ.

ಬ್ಯಾಟರಿ ಭಯ ಬೇಡ. ಸಂಗೀತ ಸದಾ ಪೂರ್ತಿ ಶಕ್ತಿ ಎಳೆಯುವುದಿಲ್ಲ, ಸರಾಸರಿ ತೀರಾ ಕಡಿಮೆ. ಎಂಜಿನ್ ಓಡುತ್ತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನಿಭಾಯಿಸುತ್ತದೆ. ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಜೋರಾಗಿ ಹಾಕಿದರೆ ಇಳಿಯುತ್ತದೆ, ಅಷ್ಟೇ. ಕಾರು ಲಾಕ್ ಮಾಡಿ ಐದು ನಿಮಿಷ ಬಿಟ್ಟು ಆಂಪ್‌ನ ಲೈಟ್ ಆರಿದೆಯಾ ನೋಡಿ. ಆರಿಲ್ಲದಿದ್ದರೆ ಆನ್-ಆಫ್ ಸಂಪರ್ಕ ತಪ್ಪಾಗಿದೆ. ಎರಡು ದಿನ ಹಾಗೇ ನಿಂತರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಎಲ್ಲ ಕೂತ ಮೇಲೆ ಟ್ಯೂನಿಂಗ್. ಇದಕ್ಕೆ ಸಮಯ ಕೊಡಿ. 'ಗೇನ್' ಅನ್ನೋ ತಿರುಪು ವಾಲ್ಯೂಮ್ ಅಲ್ಲ. ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೂ ಆಂಪ್‌ಗೂ ಹೊಂದಿಸೋಕೆ ಇರೋದು. ಅದನ್ನು ಸೊನ್ನೆಗೆ ಇಳಿಸಿ. ಸ್ಟೀರಿಯೊದಲ್ಲಿ ಬೇಸ್, ಟ್ರೆಬಲ್ ನಡುವೆ ಇಟ್ಟು, ವಾಲ್ಯೂಮ್ ಮುಕ್ಕಾಲು ಭಾಗ ಏರಿಸಿ. ಬಾಗಿಲಿನ ಸ್ಪೀಕರ್ ಒಡೆದ ದನಿ ಮಾಡಿದರೆ ಸ್ವಲ್ಪ ಇಳಿಸಿ. ಈಗ ಗೇನ್ ಮೆಲ್ಲಗೆ ತಿರುಗಿಸುತ್ತಾ, ಬೇಸ್ ಹಾಡಿನ ಜೊತೆ ಕೂಡಿಕೊಂಡ ಕಡೆ ನಿಲ್ಲಿಸಿ. ಹಿಂದಿನಿಂದ ಬೇರೆಯಾಗಿ ಕೇಳಿಸಿದರೆ ಜಾಸ್ತಿ ಆಯಿತು ಅಂತ. 'ಲೋ ಪಾಸ್', ಅಂದರೆ ವೂಫರ್‌ಗೆ ಎಷ್ಟು ಹರ್ಟ್ಸ್‌ವರೆಗಿನ ಶಬ್ದ ಬಿಡಬೇಕು ಅನ್ನೋ ತಿರುಪು, 80 ಹರ್ಟ್ಸ್ ಆಸುಪಾಸಿನಲ್ಲಿರಲಿ. ಅದರ ಮೇಲಕ್ಕೆ ಬಿಟ್ಟರೆ ಗಂಡಸರ ದನಿ ಡಿಕ್ಕಿಯಿಂದ ಬಂದ ಹಾಗೆ ಕೇಳುತ್ತದೆ. 'ಬೇಸ್ ಬೂಸ್ಟ್' ಸೊನ್ನೆಯಲ್ಲೇ ಇರಲಿ. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಇನ್ನೊಬ್ಬರಿಗೆ 'ಫೇಸ್' ಸ್ವಿಚ್ (ವೂಫರಿನ ಅಲೆಯನ್ನು ತಿರುವುಮುರುವು ಮಾಡುವಂಥದ್ದು) 0 ಮತ್ತು 180ರ ನಡುವೆ ಬದಲಾಯಿಸೋಕೆ ಹೇಳಿ. ಯಾವುದರಲ್ಲಿ ಬೇಸ್ ತುಂಬಿಕೊಂಡು ಮುಂದಿನಿಂದ ಬಂದ ಹಾಗೆ ಕೇಳುತ್ತದೋ ಅದೇ ಸರಿ.

ಜೋರಾಗಿ ಹಾಕಿದಾಗ ಗಡಗಡ ಅಂದರೆ ವೂಫರನ್ನು ಬೈಯುವ ಮೊದಲು ಹಿಂದಿನ ನಂಬರ್ ಪ್ಲೇಟ್ ಒತ್ತಿ ಹಿಡಿದು ನೋಡಿ. ಬಹಳ ಸಲ ಅದೇ ಇರುತ್ತದೆ. ಹಿಂದೆ ಸ್ವಲ್ಪ ಫೋಮ್ ಟೇಪ್ ಅಂಟಿಸಿದರೆ ಹೋಗುತ್ತದೆ. ದುಡ್ಡು ಮಿಕ್ಕಿದರೆ ಮುಂದಿನ ಬಾಗಿಲುಗಳ ಒಳಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಹಾಕಿಸಿ. ಬಾಗಿಲಿನ ತೆಳು ತಗಡು ನಡುಗೋದು ನಿಂತರೆ ಇರುವ ಸ್ಪೀಕರಿಗೇ ಹೊಸ ಜೀವ ಬರುತ್ತದೆ.

ಹಾಕಿಸಿದ ಮೊದಲ ವಾರ ಒಂದು ಲಾಂಗ್ ಡ್ರೈವ್ ಹೋಗಿ ಬನ್ನಿ. ಎಂಜಿನ್ ಆಫ್ ಮಾಡಿ, ಫ್ಯೂಸ್ ಹೋಲ್ಡರನ್ನೂ ವೈರ್ ಒಳಗೆ ಹೋಗುವ ಬುಷ್ ಹತ್ತಿರವೂ ಕೈಯಿಂದ ಮುಟ್ಟಿ ನೋಡಿ. ಬಿಸಿ ಎಂಜಿನ್ನಿಗೆ ಕೈ ತಾಗದಂತೆ ಹುಷಾರು. ಹೋಲ್ಡರ್ ಅಕ್ಕಪಕ್ಕದ ವೈರ್‌ಗಿಂತ ಬಿಸಿ ಇದ್ದರೆ ಒಳಗಿನ ಸ್ಕ್ರೂ ಸಡಿಲ ಇದೆ, ಬಿಗಿಸಿ. ನೋಡುತ್ತಿರುವ ಆಂಪ್‌ನ ಫ್ಯೂಸ್ ಎಷ್ಟು ಆಂಪಿಯರ್ ಅಂತ ಇಲ್ಲೇ ಬರೆದರೆ ಯಾವ ಗೇಜ್ ವೈರ್, ಬ್ಯಾಟರಿ ಹತ್ತಿರ ಎಷ್ಟರ ಫ್ಯೂಸ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.