ಚಾಲಕನಿಗೆ ಸನ್ಮಾನ ಮಾಡಿ, ಆ ಹುಡುಗಿಯ ಊರನ್ನು ಮಾತ್ರ ಹೇಳಬೇಡಿ

ಮಕ್ಕಳ ಸಾಗಾಟ ಮಾಡುವವರ ಕೈಯಿಂದ ಹುಡುಗಿಯೊಬ್ಬಳನ್ನು ಕಾಪಾಡಿದ ನಿಮ್ಮ ಸಂಘದ ಆಟೊ ಚಾಲಕನಿಗೆ ಅವಳ ತಂದೆತಾಯಿಯ ಕೈಯಿಂದಲೇ ಹಾರ ಹಾಕಿಸಬೇಕು, ಆಮಂತ್ರಣದಲ್ಲಿ ಅವಳ ಊರಿನ ಹೆಸರೂ ಇರಬೇಕು, ಕಾರ್ಯಕ್ರಮ ಹೇಗಿದ್ದರೆ ಚೆನ್ನ ಎಂದು ಕೇಳಿದ್ದೀರಿ. ಆ ಎರಡನ್ನೂ ಬಿಟ್ಟುಬಿಡಿ. ಏಕೆಂದು ಹೇಳುತ್ತೇನೆ.

ನಾನು ಇಪ್ಪತ್ತೆಂಟು ವರ್ಷ ಬಸ್ ನಿರ್ವಾಹಕನಾಗಿದ್ದವನು. ಕೊನೆಯ ಆರು ವರ್ಷ ಯಾದಗಿರಿ ಕಡೆಯ ಒಂದು ವಸ್ತಿ ಬಸ್ಸಿನಲ್ಲಿ ಕೆಲಸ. ರಾತ್ರಿ ಊರ ಗುಡಿಯ ಮುಂದೆ ಬಸ್ ನಿಲ್ಲಿಸಿ ಅಲ್ಲೇ ಮಲಗುವುದು, ಬೆಳಿಗ್ಗೆ ಆರಕ್ಕೆ ಮೊದಲ ಟ್ರಿಪ್. 2023ರ ಚಳಿಗಾಲದ ಒಂದು ದಿನ ಊರ ಹೊರಗಿನ ಕ್ರಾಸಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಹತ್ತಿದರು. ನಡುವೆ ಹದಿಮೂರು ಹದಿನಾಲ್ಕರ ಹುಡುಗಿ. ಅವನು ಮೂವರಿಗೂ ಪೂರ್ತಿ ದುಡ್ಡು ಕೊಟ್ಟ. ನನ್ನನ್ನು ಮೊದಲು ಚುಚ್ಚಿದ್ದು ಅದೇ. ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆ ಬಂದಿತ್ತು; ಗುರುತಿನ ಚೀಟಿ ತೋರಿಸಿದರೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಮುದುಕಿಯರು ಆಧಾರ್ ಕಾರ್ಡನ್ನು ಎಲೆ ಅಡಿಕೆ ಚೀಲದಲ್ಲಿ ಜೋಪಾನ ಮಾಡಿಕೊಂಡು ಬರುವ ದಾರಿಯಲ್ಲಿ, ಚೀಟಿ ತೋರಿಸುವುದಕ್ಕಿಂತ ದುಡ್ಡು ಕೊಡುವುದೇ ವಾಸಿ ಎಂದುಕೊಂಡವನು ಯಾರು?

“ಎಲ್ಲಿಗವ್ವ?” ಎಂದೆ. ಹುಡುಗಿ ಅವನ ಮುಖ ನೋಡಿದಳು. ಮುಂಬೈಗೆ, ಇವಳು ಅತ್ತೆ, ಮನೆಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಅವನೇ ಹೇಳಿದ. ಅತ್ತೆಯ ಹೆಸರೇನು ಎಂದು ಕೇಳಿದ್ದಕ್ಕೆ ಹುಡುಗಿ ತಲೆ ತಗ್ಗಿಸಿ ಕಾಲನ್ನೇ ನೋಡುತ್ತ ಕುಳಿತಳು. ಹೊಸ ಚಪ್ಪಲಿ, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನಾನು ಮುಂದೆ ಹೋಗಿ ಚಾಲಕನ ಕಿವಿಯಲ್ಲಿ ಒಂದು ಮಾತು ಹೇಳಿದೆ. ಆತ ನಿಲ್ದಾಣಕ್ಕೆ ತಿರುಗದೆ ನೇರವಾಗಿ ಪೊಲೀಸ್ ಠಾಣೆಯ ಅಂಗಳಕ್ಕೆ ಬಸ್ ತಂದು ನಿಲ್ಲಿಸಿದ. ಠಾಣೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು, ಅದೇ ದಿನ ಹುಡುಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದಿದ್ದಳು. ಕೆಲವು ದಿನಗಳ ನಂತರ ತಂದೆತಾಯಿಯ ಬಳಿಗೆ ಮರಳಿದಳು.

ಇಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ನನಗೆ ಶಾಲು, ಹಣ್ಣಿನ ಬುಟ್ಟಿ, ಫಲಕ ಬಂದವು. ವರದಿಗಾರರೊಬ್ಬರು ಬಂದರು. ನನ್ನ ತಪ್ಪು ಅಲ್ಲಿದೆ, ಇದನ್ನು ಬಿಡಿಸಿಯೇ ಹೇಳಬೇಕು. ನಾನು ಹುಡುಗಿಯ ಹೆಸರು ಹೇಳಲಿಲ್ಲ. ತಂದೆಯ ಹೆಸರು ಹೇಳಲಿಲ್ಲ. ಅವಳ ಫೋಟೊ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ನಾನು ಬಹಳ ಎಚ್ಚರದಿಂದ ಇದ್ದೇನೆಂದೇ ನಂಬಿದ್ದೆ. ಆದರೆ ಆರು ಗಂಟೆಯ ಟ್ರಿಪ್ ಎಂದೆ. ಯಾವ ಕ್ರಾಸ್ ಎಂದೂ ಹೇಳಿದೆ. ಯಾವ ವಾರ ಎಂದೂ ಹೇಳಿದೆ. ಬಸ್ಸಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ನನ್ನ ತಲೆಯ ಮೇಲೆ ಊರಿನ ಬೋರ್ಡು ದಪ್ಪ ಅಕ್ಷರದಲ್ಲಿ ಕಾಣುತ್ತಿತ್ತು. ಇನ್ನೂರು ಮನೆಗಳ ಊರಿಗೆ ಬೆಳಿಗ್ಗೆ ಒಂದೇ ಬಸ್ಸು. ಆ ವಾರ ಶಾಲೆಗೆ ಬಾರದ ಹುಡುಗಿ ಯಾರೆಂದು ಲೆಕ್ಕ ಹಾಕಲು ಊರಿಗೆ ಅರ್ಧ ದಿನವೂ ಬೇಕಾಗಲಿಲ್ಲ.

ಅವಳ ಶಾಲೆ ನಿಂತಿತು. ತಾಯಿ ನಮ್ಮ ಬಸ್ಸು ಹತ್ತುವುದನ್ನೇ ಬಿಟ್ಟು, ಹೊಲದ ದಾರಿಯಲ್ಲಿ ಡಾಂಬರು ರಸ್ತೆಯವರೆಗೆ ನಡೆದು ಹೋಗತೊಡಗಿದಳು. ಒಂದು ದಿನ ನಾನೇ ಮಾತನಾಡಿಸಿದೆ. “ಕಳ್ಳರ ಕೈಯಿಂದ ಬಿಡಿಸಿದಿರಿ ಅಣ್ಣ, ಊರ ಬಾಯಿಗೆ ಹಾಕಿದಿರಿ” ಎಂದಳು. ಬೇಸಿಗೆಯಲ್ಲಿ ಆ ಕುಟುಂಬ ಮನೆಗೆ ಬೀಗ ಹಾಕಿ ಊರು ಬಿಟ್ಟಿತು.

ಆಮೇಲೆ ಸಮಿತಿಯ ಸದಸ್ಯರೊಬ್ಬರು ನನಗೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಓದಿ ಹೇಳಿದರು. ಅದು ಹೆಸರು, ಫೋಟೊಗಳನ್ನು ಮಾತ್ರ ನಿಷೇಧಿಸುವುದಿಲ್ಲ. ವಿಳಾಸ, ಶಾಲೆ, ಮಗುವಿನ ಗುರುತು ಹಿಡಿಯಲು ನೆರವಾಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮ್ಮ ಆಮಂತ್ರಣದಲ್ಲಿ ಊರಿನ ಹೆಸರಿದೆ. ತಂದೆತಾಯಿ ವೇದಿಕೆ ಹತ್ತಿದರೆ ಹುಡುಗಿಯೇ ಹತ್ತಿದಂತೆ.

ಅಮೆರಿಕದಲ್ಲಿ ಮಾನವ ಸಾಗಾಟ ತಡೆದ ಲಾರಿ ಚಾಲಕರಿಗೆ ಹ್ಯಾರಿಯೆಟ್ ಟಬ್ಮನ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ, ನಾವೂ ಅಂಥದ್ದನ್ನು ಆರಂಭಿಸಬಹುದೇ ಎಂದೂ ಕೇಳಿದ್ದೀರಿ. ಗುಲಾಮರನ್ನು ಬಿಡುಗಡೆಯ ನೆಲಕ್ಕೆ ದಾಟಿಸುತ್ತಿದ್ದ ಅವಳಂಥವರನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಅದನ್ನು ಓದಿದ ದಿನ ನನಗೆ ಎದೆ ತುಂಬಿ ಬಂದಿತ್ತು. ಆದರೆ ಅವಳು ಜನರನ್ನು ಕರೆದೊಯ್ದದ್ದು ರಾತ್ರಿಯ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದಂತೆ.

ನಿಮ್ಮ ಆಟೊ ಚಾಲಕನ ಬಗ್ಗೆ ಹೇಳುವುದಾದರೆ, ಆತನಿಗೆ ನಿಜವಾಗಿ ಬೇಕಾದದ್ದು ಶಾಲಲ್ಲ. ಆತ ಸಾಕ್ಷಿ ಹೇಳಬೇಕಾದ ಪ್ರಕರಣ ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಅಡಿ ನಡೆಯುತ್ತಿರಬೇಕು. ಮಗುವಿನ ಸಾಗಾಟಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ಅಷ್ಟು ದೊಡ್ಡ ಶಿಕ್ಷೆಯಿದ್ದಾಗ ಆರೋಪಿಯ ಕಡೆಯವರು ಸಾಕ್ಷಿಯನ್ನು ಸುಮ್ಮನೆ ಬಿಡುವುದಿಲ್ಲ. ನನ್ನ ಬಸ್ಸಿನ ಆ ಪ್ರಕರಣದಲ್ಲಿ ನಾನು ನಾಲ್ಕು ಬಾರಿ ನ್ಯಾಯಾಲಯಕ್ಕೆ ಹೋದೆ, ನಾಲ್ಕೂ ಸಲ ನನ್ನದೇ ರಜೆ. ಹೊರಗಿನ ಬೆಂಚಿನಲ್ಲಿ ಆರೋಪಿಯ ತಮ್ಮ ನನ್ನ ಪಕ್ಕದಲ್ಲೇ ಕುಳಿತು ನನ್ನ ಮಗಳು ಯಾವ ಕಾಲೇಜು ಎಂದು ಕೇಳಿದ. ಶಾಲು ಹೊದಿಸಿದವರಲ್ಲಿ ಒಬ್ಬರೂ ಅಂದು ನನ್ನ ಜೊತೆ ಬಂದಿರಲಿಲ್ಲ. ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದೆಂದು ನನಗೆ ಆಗ ಯಾರೂ ಹೇಳಲಿಲ್ಲ.

ಆಟೊದವನಿಗೆ ಗಾಡಿ ನಿಂತರೆ ದಿನದ ಕೂಳು ನಿಂತಂತೆ. ನೀವು ಸಂಗ್ರಹಿಸಿರುವ ಹಣವನ್ನು ಅವನು ಸಾಕ್ಷಿ ಹೇಳಲು ಹೋಗುವ ದಿನಗಳ ದುಡಿಮೆಗೆ ಇಡಿ. ಪ್ರತಿ ವಾಯಿದೆಗೂ ಸಂಘದ ಇಬ್ಬರು ಅವನ ಜೊತೆ ಹೋಗಿ ಆ ಬೆಂಚಿನಲ್ಲಿ ಕುಳಿತುಕೊಳ್ಳಿ. ಇನ್ನೂ ಹಣ ಉಳಿದರೆ ಪ್ರತಿ ಆಟೊದ ಒಳಗೆ 1098 ಮತ್ತು 112 ಬರೆಸಿ. ಸನ್ಮಾನವನ್ನೂ ಮಾಡಿ, ಅವನು ಅದಕ್ಕೆ ಅರ್ಹ. ಸಂಘದ ಕಚೇರಿಯಲ್ಲಿ, ನಿಮ್ಮ ನಿಮ್ಮಲ್ಲೇ, ಅವನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಾಡಿ. ಒಂದು ಮಗುವನ್ನು ಕಾಪಾಡಿದ ಎಂದರೆ ಸಾಕು.

ಆಮಂತ್ರಣ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿರದಿದ್ದರೆ ಊರಿನ ಹೆಸರಿರುವ ಆ ಸಾಲನ್ನು ಇಂದೇ ತೆಗೆಸಿ. ಹೋಗಿದ್ದರೆ, ಒಂದನ್ನೂ ಹಂಚಬೇಡಿ.